ಕಾಟಾದ ಮ್ಯಾಲ ಸೊನ್ನೆ

ಕೇಳಿದಿ ಅಂತ ಹೇಳ್ತೀನಿ, ದುರುಗಪ್ಪ, ಕುಂದ್ರು.
ಲಾರಿ ಇನ್ನೂ ಮೂರು ಅದಾವ ಹಿಂದ.
ಇದು ಸಾವುಕಾರ್ರದಲ್ಲ, ನಂದು.
ನಲವತ್ತೆರಡು ಸಾವಿರ. ಹನ್ನೊಂದು ಕಂತು ಮುಗದಾವ,
ಒಂದು ಉಳದೈತಿ.
ಹಂಗಾಗಿ ಬೈಯೋ ಹಕ್ಕು ನನಗೈತಿ,
ಹೊಗಳೋ ಹಕ್ಕು ಇನ್ನೂ ಪೂರ್ತಿ ಬಂದಿಲ್ಲ.

ಮೊದಲು ಕೀಲಿ ನೋಡು.
ಬಲಕ್ಕ ಅಂಕಿಗಳಿಗೆ ಬ್ಯಾರೆ ಮನಿ ಕೊಟ್ಟಾರ.
ಸುಗ್ಗ್ಯಾಗ ಕಾರಟಗಿ ತುಂಬ ಭತ್ತ,
ದಿನಕ್ಕ ನೂರಿಪ್ಪತ್ತು ಗಾಡಿ,
ಕತ್ತಲ್ಯಾಗ ರೊಟ್ಟಿ ಬಡಿಯೋ ಕೈ ಹಂಗ
ನೋಡದನ ಓಡ್ಯಾಡ್ತಾವ ಬೆರಳು.
ಐದರ ಮ್ಯಾಲಿನ ಸಣ್ಣ ಗೆರಿ ಸವದೈತಿ,
ಆದ್ರೂ ಐದು ಐದ.

ಪರದೆ ಮುಂಜಾನಿ ಹತ್ತರ ತನಕ ಬಂಗಾರ.
ಆಮ್ಯಾಲ ಕಿಟಕ್ಯಾಗ ಬಿಸಲು ಬಂತಂದ್ರ
ತೂಕ ಕಾಣಂಗಿಲ್ಲ,
ನನ್ನ ಮಾರಿ ಕಾಣ್ತೈತಿ.
ಅದಕ ಈ ರಟ್ಟಿನ ಗೂಡು, ಬಿಸ್ಕಿಟ್ ಡಬ್ಬಿದು. ನಗಬ್ಯಾಡ.
ಇನ್ನ ಹತ್ತು ಸಾವಿರ ಹಾಕಿದ್ರ ರಟ್ಟು ಬೇಕಾಗ್ತಿರಲಿಲ್ಲ
ಅಂದಿದ್ದ ಗಂಗಾವತಿ ಅಂಗಡ್ಯಾವ.
ಹತ್ತು ಸಾವಿರಕ್ಕ ಎಷ್ಟು ರಟ್ಟು ಬರ್ತೈತಿ, ನೀನ ಹೇಳು.

ಬ್ಯಾಟ್ರಿ ಎಂಟು ತಾಸು ಅಂತ ಬರದಿದ್ರು.
ಅದು ಎಸಿ ಕೋಣ್ಯಾಗ ಕುಂತು ಬರದ ಲೆಕ್ಕ.
ನಮ್ಮಲ್ಲಿ ಮೂರುವರಿ.
ಆದ್ರ ಟಿಸಿ ಸುಟ್ಟ ರಾತ್ರಿ,
ಮಿಲ್ಲು ಮೂಕಾಗಿ, ರಸ್ತೆ ತುಂಬ ಬರೇ ಬೀಡಿ ಕಿಡಿ ಕಾಣೋ ಹೊತ್ತಿನ್ಯಾಗ,
ಕಡೀ ಗಾಡಿ ಚೀಟಿ ಹರಿಯೋ ತನಕ
ಶೇಕಡಾ ನಾಲ್ಕರ ಮ್ಯಾಲ
ಉಸಿರು ಹಿಡದು ನಿಂತಿತ್ತು.
ಅವತ್ತಿನಿಂದ ಮೂರುವರಿಗೆ ಸಣ್ಣದು ಅನ್ನಂಗಿಲ್ಲ ನಾನು.

ಫ್ಯಾನಿನ ಕಥಿ ಕೇಳಬ್ಯಾಡ.
ಏಪ್ರಿಲ್ ತಿಂಗಳು ಹೊಟ್ಟು ತೂರೋ ಯಂತ್ರದಂಗ ಒದರತೈತಿ.
ಮೂಗಿನ ತುಂಬ ಭತ್ತದ ಧೂಳು,
ಪಾಪ, ಸೀನಾಕ ಬರಂಗಿಲ್ಲ.
ತಿಂಗಳಿಗೊಮ್ಮೆ ಬೆನ್ನು ಬಿಚ್ಚಿ ಬ್ರಷ್ ಆಡಿಸ್ತೀನಿ,
ಒಂದು ಚಮಚ ಸೋನಾಮಸೂರಿ ಹೊಟ್ಟು ಬೀಳ್ತೈತಿ.

ಒಂದು ಮಾತು ಮಾತ್ರ
ಯಾವ ಕಡೆ ಬರೀಬೇಕು ತಿಳಿದಿಲ್ಲ.
ಹೋದ ಸುಗ್ಗ್ಯಾಗ ದಲಾಲಿ ಒಬ್ಬ
ಐನೂರರ ನೋಟು ಮಡಚಿ ಇದರ ಹೊಟ್ಟಿ ಕೆಳಗ ತೂರಿಸಿದ.
"ಅಕ್ಕಾ, ಎರಡು ಕ್ವಿಂಟಲ್ ಕಡಿಮಿ ಒತ್ತು."
ರೈತ ಹೊರಗ ನಲ್ಲಿ ಹಂತ್ಯಾಕ ಕಾಲು ತೊಳೀತಿದ್ದ.
ಒತ್ತಿದೆ.
ಬಂತು. ಚೊಕ್ಕ ಬಂತು, ಚೀಟಿಗೆ ಹೋಗಾಕ ತಯಾರು.
ನನ್ನ ಬೆರಳು ಬೆವತಿದ್ವು, ಕೀಲಿ ತಣ್ಣಗಿತ್ತು.
ಅಳಿಸಿದೆ.
ಅಳಿಸಿದ್ದಕ್ಕೂ ಏನೂ ಅನಲಿಲ್ಲ.
ಹೇಳಿದ್ದು ಕೇಳ್ತೈತಿ, ದುರುಗಪ್ಪ,
ಇದು ಗುಣಾನೋ, ಐಬಾನೋ?

ನಿನ್ನ ಮಗಳಿಗೆ ಬೇಕಂದಿ. ಸಿವಿಲ್ ಡಿಪ್ಲೊಮಾ, ನಕ್ಷೆ ಬಿಡಸೋ ಕೆಲಸ.
ಹಂಗಾದ್ರ ಇದರ ಎಂಟು ಜಿಬಿ ಸಾಲಂಗಿಲ್ಲ,
ಹದಿನಾರು ಇರೋದು ನೋಡು.
ದೊಡ್ಡ ನಕ್ಷೆ ತಗದ್ರ ಇದು
ಗದ್ದಿ ಕೆಸರಿನ್ಯಾಗ ಟ್ರ್ಯಾಕ್ಟರ್ ನಿಂತಂಗ ನಿಲ್ತೈತಿ,
ಗಾಲಿ ತಿರುಗತಾವ, ಮುಂದ ಹೋಗಂಗಿಲ್ಲ.

ಹೊರಾಕ ಭಾರೇನು ಅಂತಿ?
ತೂಗೇ ನೋಡೂಣು.
ಹುಲಿಗೆಮ್ಮ, ಬಾರವ್ವ, ಕಾಟಾ ಹತ್ತು.
ಅರವತ್ತು ಟನ್ ತಾಳೋ ಕಬ್ಬಿಣದ ನಡುವ
ಚಪ್ಪಲಿ ಕೈಯಾಗ ಹಿಡಕೊಂಡು ನಿಂತಾಳ ನೋಡು, ಗುಬ್ಬಿ ಹಂಗ.
ಕೆಂಪು ಅಂಕಿ ಐವತ್ತು ಅಂತು.
ಈಗ ಇದನ್ನ ಎದಿಗೆ ಅವಚಿಕೊ.
ಐವತ್ತು.
ಇಳದು, ಅದನ್ನೊಂದನ್ನ ಇಟ್ಟು ಬಾ.
ಸೊನ್ನೆ.

"ಇದಕ ತೂಕನ ಇಲ್ಲಲ್ಲ" ಅಂತಿ.
ನಮ್ಮ ಕಾಟಾ ಹತ್ತತ್ತು ಕಿಲೋ ಎಣಿಸ್ತೈತಿ, ದುರುಗಪ್ಪ.
ಅದಕ್ಕಿಂತ ಸಣ್ಣದೆಲ್ಲ
ಹೊತ್ತಾವರಿಗಷ್ಟ ಗೊತ್ತು.

ತಗೊ ತಾಯಿ, ಧೂಳು ಹತ್ತೀತು, ಈ ಕಡೆ ಕೊಡು.
ಹಾರ್ನ್ ಹೊಡ್ಯಾಕ ಹತ್ಯಾನ ಅವ.